ಪುಟ್ಟ ಟ್ರಂಪೆಟ್‌ಗೆ ಯಾವ ಮೌತ್‌ಪೀಸ್?

ಬಿ ಫ್ಲ್ಯಾಟ್ ಟ್ರಂಪೆಟ್ ಒಂದು ಮಟ್ಟಕ್ಕೆ ಕೈಗೆ ಹತ್ತಿದ ಮೇಲೆ ಎಷ್ಟೋ ಜನ ಇನ್ನೊಂದು ಟ್ರಂಪೆಟ್ ತಗೊಳ್ಳುತ್ತಾರೆ. ಡಿ, ಇ ಫ್ಲ್ಯಾಟ್, ಇಲ್ಲವೇ ಎಲ್ಲಕ್ಕಿಂತ ಪುಟ್ಟದಾದ ಪಿಕೊಲೊ. ಇವೆಲ್ಲ ಬಿ ಫ್ಲ್ಯಾಟ್‌ಗಿಂತ ಗಿಡ್ಡ. ಅದರ ಹಿಂದೆಯೇ ಪ್ರಶ್ನೆ ಹುಟ್ಟುತ್ತದೆ: ತುಟಿಗಿಟ್ಟು ಊದುವ ತುಂಡು, ಅಂದರೆ ಹಳೇ ಮೌತ್‌ಪೀಸೇ ಸಾಕಾ, ಬೇರೆ ಬೇಕಾ? ಬಲ್ಲವರನ್ನು ಕೇಳಿದರೆ ಎರಡು ಥರದ ಉತ್ತರ ಸಿಗುತ್ತದೆ. "ಆದಷ್ಟು ಚಿಕ್ಕದು ತಗೊಳ್ಳಿ, ಮೇಲಿನ ಸ್ವರ ಸಲೀಸಾಗಿ ಬರುತ್ತೆ" ಎನ್ನುವವರು ಒಂದು ಕಡೆ. "ಏನನ್ನೂ ಬದಲಾಯಿಸಬೇಡಿ, ತುಟಿ ಕೆಡುತ್ತೆ" ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ತುಟಿಗೆ ತಾಗುವ ಭಾಗವನ್ನು ಆದಷ್ಟು ಹಾಗೇ ಉಳಿಸಿಕೊಳ್ಳಬೇಕು. ಅದರ ಕೆಳಗಿನದನ್ನು ಕೊಳವೆಯ ಉದ್ದಕ್ಕೆ ತಕ್ಕಂತೆ ಬದಲಾಯಿಸಬೇಕು.

ಇದು ಯಾಕೆ ಹೀಗೆ ಅಂತ ತಿಳಿಯಲು ಮೊದಲು ಉದ್ದದ ಲೆಕ್ಕ ನೋಡೋಣ. ಬಿ ಫ್ಲ್ಯಾಟ್ ಟ್ರಂಪೆಟ್‌ನ ಸುತ್ತಿದ ಕೊಳವೆಯನ್ನು ನೇರ ಮಾಡಿದರೆ ಸುಮಾರು 148 ಸೆಂ.ಮೀ. ಆಗುತ್ತದೆ. ಸಿ ಟ್ರಂಪೆಟ್ ಸುಮಾರು 132. ಡಿ ಮತ್ತು ಇ ಫ್ಲ್ಯಾಟ್ 110ರಿಂದ 118ರ ಆಸುಪಾಸು. ಬಿ ಫ್ಲ್ಯಾಟ್ ಪಿಕೊಲೊ ಸುಮಾರು 74, ಅಂದರೆ ಸರಿಯಾಗಿ ಅರ್ಧ. ಅದಕ್ಕೇ ಪಿಕೊಲೊ ಒಂದು ಇಡೀ ಸ್ಥಾಯಿ ಮೇಲೆ ನುಡಿಯುತ್ತದೆ.

ಆದರೆ ಮೌತ್‌ಪೀಸ್ ಮಾತ್ರ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ ಉದ್ದ, 8.7 ಸೆಂ.ಮೀ. ಆಸುಪಾಸು. ದೊಡ್ಡ ಟ್ರಂಪೆಟ್‌ನಲ್ಲಿ ಅದು ಒಟ್ಟು ಉದ್ದದ ನೂರಕ್ಕೆ 6 ಪಾಲು. ಪಿಕೊಲೊದಲ್ಲಿ 12 ಪಾಲು. ದೊಡ್ಡದರಲ್ಲಿ ಮೌತ್‌ಪೀಸಿನ ಸಣ್ಣಪುಟ್ಟ ಎಡವಟ್ಟನ್ನು ಉದ್ದದ ಕೊಳವೆ ನುಂಗಿಕೊಳ್ಳುತ್ತದೆ. ಪಿಕೊಲೊದಲ್ಲಿ ಅದೇ ಎಡವಟ್ಟು ಎದ್ದು ಕಾಣುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಮೇಲಿನ ಸ್ವರ ಮೌತ್‌ಪೀಸ್ ಕೊಡುವುದಿಲ್ಲ

ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಪಿಕೊಲೊ ಹಿಡಿದ ಕೂಡಲೇ ತುಟಿಯ ಕೆಲಸ ಕಡಿಮೆಯಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ.

ಸಂಗೀತಕಾರ ಬಾಕ್‌ನ ಎರಡನೇ ಬ್ರಾಂಡೆನ್‌ಬರ್ಗ್ ಕಾನ್ಸರ್ಟೊ ತಗೊಳ್ಳಿ. ಈ ಕಾನ್ಸರ್ಟೊಗಳನ್ನು ಆತ ಅರ್ಪಿಸಿದ್ದು 1721ರಲ್ಲಿ. ಅದರ ಟ್ರಂಪೆಟ್ ಭಾಗ ಕೇಳಿಸುವ ಲೆಕ್ಕದಲ್ಲಿ ಮೇಲಿನ ಜಿ ತನಕ ಏರುತ್ತದೆ, ಅಂದರೆ ಇಂದಿನ ಶ್ರುತಿಯಲ್ಲಿ ಸುಮಾರು 1568 ಹರ್ಟ್ಸ್. ಆ ಸ್ವರ ಬರಬೇಕಾದರೆ ತುಟಿ ಸೆಕೆಂಡಿಗೆ 1568 ಸಲ ತೆರೆದು ಮುಚ್ಚಲೇಬೇಕು. ಕೈಯಲ್ಲಿ ಯಾವ ವಾದ್ಯ ಇದೆ ಅನ್ನೋದು ತುಟಿಗೆ ಬೇಕಿಲ್ಲ.

ಹಾಗಾದರೆ ಪಿಕೊಲೊದಿಂದ ಲಾಭ ಏನು? ಗುರಿ ತಪ್ಪದಿರುವುದು. ಬಾಕ್‌ನ ಕಾಲದ ವಾಲ್ವ್ ಇಲ್ಲದ ಎಫ್ ಟ್ರಂಪೆಟ್‌ನಲ್ಲಿ ಆ ಜಿ 18ನೇ ಹಾರ್ಮೋನಿಕ್, ಅಂದರೆ ಒಂದೇ ಉದ್ದದ ಕೊಳವೆಯಲ್ಲಿ ಒಂದರ ಮೇಲೊಂದು ಬರುವ ಸ್ವರಗಳಲ್ಲಿ 18ನೆಯದು. ಪಕ್ಕದ 17ನೆಯದಕ್ಕೂ ಅದಕ್ಕೂ ಅರ್ಧ ಸ್ವರದಷ್ಟೇ ಅಂತರ. ಸ್ವಲ್ಪ ಎಡವಿದರೆ ಪಕ್ಕದ ಸ್ವರಕ್ಕೆ ಬೀಳುತ್ತೀರಿ. ಇಂದಿನ ಬಿ ಫ್ಲ್ಯಾಟ್ ಟ್ರಂಪೆಟ್‌ನಲ್ಲಿ ಅದೇ ಸ್ವರ 16ನೆಯದು. ಪಿಕೊಲೊದಲ್ಲಿ 8ನೆಯದು. ಅಕ್ಕಪಕ್ಕದ ಹಾರ್ಮೋನಿಕ್‌ಗಳ ನಡುವೆ ಜಾಗ ಜಾಸ್ತಿ, ಹಾಗಾಗಿ ತಪ್ಪುವ ಸಂಭವ ಕಡಿಮೆ. ತುಟಿಯ ಬಲ ಮಾತ್ರ ಅಷ್ಟೇ ಬೇಕು.

ಇನ್ನೊಂದು ಮಾತು. ಆ ಕಾಲದ ಟ್ರಂಪೆಟ್ ಮೌತ್‌ಪೀಸ್‌ಗಳು ಇಂದಿನವಕ್ಕಿಂತ ದೊಡ್ಡವು. ರಿಮ್ ಅಗಲ, ಮಟ್ಟಸ. ಅಷ್ಟು ದೊಡ್ಡದನ್ನು ಇಟ್ಟುಕೊಂಡೇ ಅವರು ಅಷ್ಟು ಮೇಲೆ ಹೋಗುತ್ತಿದ್ದರು. ಕೊಳವೆಯೂ ಆಗ ಉದ್ದ ಇತ್ತಲ್ಲ, ಎಫ್ ಟ್ರಂಪೆಟ್ ಸುಮಾರು 2 ಮೀಟರ್. ಆ ಉದ್ದಕ್ಕೆ ಆ ಮೌತ್‌ಪೀಸ್ ಹೊಂದಿಕೆಯಾಗಿತ್ತು. ಹಾಗಾಗಿ "ಮೇಲಿನ ಸ್ವರಕ್ಕೆ ಚಿಕ್ಕ ಮೌತ್‌ಪೀಸ್" ಅನ್ನೋದು ಸರಿಯಲ್ಲ. "ಗಿಡ್ಡ ಕೊಳವೆಗೆ ಕಡಿಮೆ ಜಾಗದ ಮೌತ್‌ಪೀಸ್" ಅನ್ನೋದು ಸರಿ. ಎರಡೂ ಒಂದೇ ಥರ ಕೇಳಿಸುತ್ತವೆ, ಆದರೆ ಅಂಗಡಿಯಲ್ಲಿ ನಿಮ್ಮ ಕೈ ಹೋಗುವ ಪೀಸ್ ಬೇರೆಯಾಗುತ್ತದೆ.

ಒಳಗೆ ಏನಾಗುತ್ತದೆ

ಮೌತ್‌ಪೀಸಿನಲ್ಲಿ ಐದು ಭಾಗ. ತುಟಿ ಕೂರುವ ಅಂಚು ರಿಮ್. ಅದರ ಕೆಳಗಿನ ಬಟ್ಟಲು ಕಪ್. ಬಟ್ಟಲಿನ ತಳದ ಕಿರಿದಾದ ತೂತು ಥ್ರೋಟ್. ಅಲ್ಲಿಂದ ಹಿಂದಕ್ಕೆ ಅಗಲವಾಗುತ್ತಾ ಹೋಗುವ ದಾರಿ ಬ್ಯಾಕ್‌ಬೋರ್. ಟ್ರಂಪೆಟ್ ಒಳಗೆ ಕೂರುವ ಹೊರಮೈ ಶ್ಯಾಂಕ್.

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದಲ್ಲ, ಕಪ್ ಮತ್ತು ಥ್ರೋಟ್ ಸೇರಿ ಅದೇ ಕೆಲಸ ಮಾಡುತ್ತವೆ. ಒಳಗಿನ ಜಾಗ ದೊಡ್ಡದಿದ್ದರೆ ಸ್ವರ ತಗ್ಗು, ಚಿಕ್ಕದಿದ್ದರೆ ಎತ್ತರ. ಮೌತ್‌ಪೀಸ್ ಕೈಗೆ ತಗೊಂಡು ರಿಮ್ ಅನ್ನು ಅಂಗೈಗೆ ಪಟ್ಟಂತ ಬಡಿಯಿರಿ. "ಪೊಕ್" ಅಂತ ಒಂದು ಸದ್ದು ಬರುತ್ತದೆ. ಸಾಮಾನ್ಯ ಟ್ರಂಪೆಟ್ ಮೌತ್‌ಪೀಸಿನಲ್ಲಿ ಅದು 800–900 ಹರ್ಟ್ಸ್ ಆಸುಪಾಸು ಇರುತ್ತದೆ. ಈಗ ಕಪ್ ಆಳ ಕಡಿಮೆ ಇರುವ ಇನ್ನೊಂದನ್ನು ಬಡಿಯಿರಿ. ಸದ್ದು ಮೇಲೆ ಹೋಗಿರುತ್ತದೆ. ಊದದೇ, ತುಟಿ ಹಚ್ಚದೇ ಎರಡು ಮೌತ್‌ಪೀಸ್‌ಗಳ ಒಳಜಾಗ ಹೋಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಈ ಪೊಕ್ ಸದ್ದಿಗೂ ಶ್ರುತಿಗೂ ನೇರ ಸಂಬಂಧ ಇದೆ. ಕೆಳಗಿನ ಸ್ವರಗಳಿಗೆ ಮೌತ್‌ಪೀಸ್ ಅಂದರೆ ಅದರ ಒಳಜಾಗದಷ್ಟೇ ಹಿಡಿಯುವ ಒಂದು ತುಂಡು ಕೊಳವೆ. ಆದರೆ ಸ್ವರ ಮೇಲೇರಿ ಪೊಕ್ ಸದ್ದಿನ ಕಡೆಗೆ ಹೋದಂತೆ ಅದೇ ಮೌತ್‌ಪೀಸ್ ಇನ್ನೂ ಉದ್ದವಿರುವ ಹಾಗೆ ವರ್ತಿಸಲು ಶುರು ಮಾಡುತ್ತದೆ. ಕೊಳವೆ ಉದ್ದವಾದರೆ ಶ್ರುತಿ ಇಳಿಯುತ್ತದೆ, ಅಲ್ವಾ? ಹಾಗಾಗಿ ಕಪ್ ಆಳ ಜಾಸ್ತಿ ಇದ್ದರೆ ಮೇಲಿನ ಸ್ವರಗಳು ತಗ್ಗುತ್ತವೆ. ತೀರಾ ಕಡಿಮೆ ಇದ್ದರೆ ಏರುತ್ತವೆ.

ಬಿ ಫ್ಲ್ಯಾಟ್ ಟ್ರಂಪೆಟ್‌ನಲ್ಲಿ ಒಗ್ಗಿದ ಆಳದ ಮೌತ್‌ಪೀಸನ್ನು ಹಾಗೇ ಪಿಕೊಲೊಗೆ ಸಿಕ್ಕಿಸಿದರೆ ಆಗುವುದು ಇದೇ. ಕೆಳಗಿನ ಸಿ ಶ್ರುತಿಗೆ ಸರಿಮಾಡಿಕೊಳ್ಳುತ್ತೀರಿ. ಒಂದು ಸ್ಥಾಯಿ ಮೇಲಿನ ಸಿ ತಗ್ಗುತ್ತದೆ. ಅದರ ಮೇಲಿನ ಜಿ ಇನ್ನೂ ತಗ್ಗುತ್ತದೆ. ಅದನ್ನು ಎತ್ತಲು ತುಟಿ ಹಿಂಡುತ್ತೀರಿ. ಹಿಂಡಿದರೆ ನಾದ ತೆಳುವಾಗುತ್ತದೆ, ಹತ್ತು ನಿಮಿಷದಲ್ಲಿ ಸುಸ್ತು. ಆಮೇಲೆ "ಪಿಕೊಲೊ ನನಗೆ ಆಗಲ್ಲ" ಅಂತ ಪೆಟ್ಟಿಗೆಗೆ ಸೇರಿಸುತ್ತೀರಿ. ತಪ್ಪು ತುಟಿಯದ್ದಲ್ಲ, ಅಳತೆಯದ್ದು.

ರಿಮ್: ಮುಟ್ಟದಿದ್ದರೇ ಒಳ್ಳೇದು

ತುಟಿಗೆ ಅಭ್ಯಾಸ ಆಗಿರುವುದು ರಿಮ್. ಒಳಅಗಲ, ಅಂಚಿನ ಗುಂಡು, ಒಳಮೂಲೆಯ ಚೂಪು. ಇವು ಬದಲಾದರೆ ತುಟಿ ಎಲ್ಲಿ ಕೂರಬೇಕು ಅನ್ನೋದನ್ನೇ ಮತ್ತೆ ಕಲಿಯಬೇಕು. ಒಂದೇ ಕಾರ್ಯಕ್ರಮದಲ್ಲಿ ಎರಡು ಟ್ರಂಪೆಟ್ ಬದಲಾಯಿಸಿ ನುಡಿಸುವವರಿಗೆ ಇದು ದೊಡ್ಡ ತೊಂದರೆ. ಆದ್ದರಿಂದ ಕೆಲವರು ರಿಮ್ ಬಿಚ್ಚಿ ಹಾಕಬಹುದಾದ, ಸ್ಕ್ರೂ ಇರುವ ಮೌತ್‌ಪೀಸ್ ಇಟ್ಟುಕೊಳ್ಳುತ್ತಾರೆ. ರಿಮ್ ಒಂದೇ, ಕೆಳಗಿನ ಕಪ್ ಬೇರೆ ಬೇರೆ. ಕೈಗೆಟಕುವುದಾದರೆ ಇದೇ ಉತ್ತಮ ದಾರಿ ಅನ್ನೋದು ನನ್ನ ಅಭಿಪ್ರಾಯ.

ಪಿಕೊಲೊಗೆ ಒಳಅಗಲ ಒಂದು ಚೂರು ಕಡಿಮೆ ಮಾಡಿಕೊಳ್ಳುವವರೂ ಇದ್ದಾರೆ. ಅದು ತಪ್ಪಲ್ಲ. 17 ಮಿ.ಮೀ. ಬಳಸುವವರು 16.5ರ ಕಡೆಗೆ ಬಂದರೆ ದಣಿಯದೆ ತಾಳುವ ಶಕ್ತಿ ಒಂದಿಷ್ಟು ಹೆಚ್ಚಬಹುದು. ಆದರೆ ಇದನ್ನು ಮೊದಲ ಹೆಜ್ಜೆ ಮಾಡಿಕೊಳ್ಳಬೇಡಿ.

ಕ್ಯಾಟಲಾಗ್ ಸಂಖ್ಯೆಗಳನ್ನು ಹೋಲಿಸುವಾಗ ಸ್ವಲ್ಪ ಜೋಪಾನ. ವಿನ್ಸೆಂಟ್ ಬಾಕ್ 1918ರಲ್ಲಿ ನ್ಯೂಯಾರ್ಕ್‌ನಲ್ಲಿ ಮೌತ್‌ಪೀಸ್ ಮಾಡಲು ಶುರು ಮಾಡಿದವರು (ಮೇಲೆ ಹೇಳಿದ ಸಂಗೀತಕಾರ ಬಾಕ್ ಅಲ್ಲ; ಇಲ್ಲಿಂದ ಮುಂದೆ ಬಾಕ್ ಅಂದರೆ ಈ ಕಂಪನಿ). ಅವರ ಪದ್ಧತಿಯಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಒಳಅಗಲ ದೊಡ್ಡದು. ಶಿಲ್ಕೆ ಎಂಬ ಇನ್ನೊಂದು ಕಂಪನಿಯ ಪದ್ಧತಿಯಲ್ಲಿ ಉಲ್ಟಾ, ಸಂಖ್ಯೆ ದೊಡ್ಡದಾದಷ್ಟೂ ಅಗಲ. ಯಮಾಹಾದ್ದೂ ಅದೇ ದಾರಿ. ಅಕ್ಷರಗಳಲ್ಲಂತೂ ಇನ್ನೂ ಗೋಜಲು. ಬಾಕ್‌ನಲ್ಲಿ ಎ ಅಂದರೆ ಎಲ್ಲಕ್ಕಿಂತ ಆಳದ ಕಪ್, ಸಿ ಮಧ್ಯಮ, ಡಿ ಮತ್ತು ಇ ಕ್ರಮವಾಗಿ ಆಳ ಕಡಿಮೆ. ಶಿಲ್ಕೆಯಲ್ಲಿ ಎ ಅಂದರೆ ಎಲ್ಲಕ್ಕಿಂತ ಚಿಕ್ಕ ಕಪ್! ಪಿಕೊಲೊಗೆ ಅಂತ "ಎ ಕಪ್" ಕೊಡಿ ಎಂದು ಕೇಳಿದರೆ ಕಂಪನಿ ಯಾವುದು ಅನ್ನೋದರ ಮೇಲೆ ನಿಮಗೆ ಬೇಕಾದದ್ದೂ ಸಿಗಬಹುದು, ಪೂರಾ ವಿರುದ್ಧದ್ದೂ ಸಿಗಬಹುದು.

ಶಿಲ್ಕೆಯ ಹೆಸರನ್ನು ಓದುವುದು ಹೀಗೆ. 14ಎ4ಎ ಅಂದರೆ ಮೊದಲ 14 ಒಳಅಗಲ. ಆಮೇಲಿನ ಎ ಕಪ್. 4 ಅಂದರೆ ರಿಮ್‌ನ ಆಕಾರ, ಸ್ವಲ್ಪ ಚಪ್ಪಟೆ ಕಡೆಗೆ. ಕೊನೆಯ ಎ ಬ್ಯಾಕ್‌ಬೋರ್, ಬಿಗಿಯಾದದ್ದು. ಒಂದೇ ಹೆಸರಲ್ಲಿ ನಾಲ್ಕು ಮಾಹಿತಿ. ಬಾಕ್‌ನ 7ಸಿ, 3ಸಿ ಅನ್ನೋದರಲ್ಲಿ ಇಷ್ಟು ಇಲ್ಲ. ಅಂದಹಾಗೆ ಆ ಎರಡರ ಒಳಅಗಲದ ವ್ಯತ್ಯಾಸ ಕ್ಯಾಟಲಾಗ್ ಪ್ರಕಾರ 16.20 ಮತ್ತು 16.30 ಮಿ.ಮೀ., ಬರೀ 0.1. ತುಟಿಗೆ ಅವು ಬೇರೆ ಬೇರೆ ಅನ್ನಿಸುವುದಕ್ಕೆ ಅಗಲಕ್ಕಿಂತ ರಿಮ್‌ನ ಆಕಾರವೇ ಹೆಚ್ಚು ಕಾರಣ. ಸಂಖ್ಯೆ ನೋಡಿ ನಿರ್ಧಾರ ಮಾಡಬಾರದು ಅನ್ನೋದು ಇದಕ್ಕೇ.

ಕಪ್‌ನಲ್ಲೇ ಇರುವುದು ಕಥೆ

ಗಿಡ್ಡ ಟ್ರಂಪೆಟ್‌ಗೆ ಕಪ್‌ನ ಒಳಜಾಗ ಕಡಿಮೆ ಮಾಡಬೇಕು. ಎಷ್ಟು? ಎರಡು ಕಡೆಯಿಂದಲೂ ಗೋಡೆ ಇದೆ. ಆಳ ಜಾಸ್ತಿ ಆದರೆ ಶ್ರುತಿ ಎಡವಟ್ಟು ಅಂತ ಆಗಲೇ ನೋಡಿದೆವು. ತೀರಾ ಕಡಿಮೆ ಆದರೆ ಎರಡು ತೊಂದರೆ.

ಮೊದಲನೆಯದು ನಾದ. ಕಪ್ ಆಳ ಕಡಿಮೆ ಆದಂತೆ ನಾದದಲ್ಲಿ ಮೇಲಿನ ಹಾರ್ಮೋನಿಕ್‌ಗಳು ಜೋರಾಗುತ್ತವೆ, ಹೊಳಪು ಹೆಚ್ಚುತ್ತದೆ. ಜಾಝ್ ಬ್ಯಾಂಡ್‌ನಲ್ಲಿ ಮೇಲಿನ ಸ್ವರ ಹಿಡಿಯುವವರಿಗೆ ಅದೇ ಬೇಕು. ಪಿಕೊಲೊ ಮೊದಲೇ ತೆಳು ನಾದದ ವಾದ್ಯ. ಅದಕ್ಕೆ ಅಂಥ ಮೌತ್‌ಪೀಸ್ ಹಾಕಿದರೆ ಕೀರಲು ದನಿ ಬರುತ್ತದೆ. ಬ್ರಾಂಡೆನ್‌ಬರ್ಗ್ ಕಾನ್ಸರ್ಟೊ ಥರದ ಬರೋಕ್ ಸಂಗೀತದಲ್ಲಿ ಟ್ರಂಪೆಟ್ ಓಬೊ, ಪಿಟೀಲು, ಕೊಳಲುಗಳ ಜೊತೆ ಸಮಸಮನಾಗಿ ಹಾಡಬೇಕು. ಅಲ್ಲಿ ಗುಂಡನೆಯ ನಾದ ಬೇಕು. "ಲೀಡ್" ಎಂಬ ಹೆಸರಲ್ಲಿ ಮಾರುವ ತೀರಾ ಕಡಿಮೆ ಆಳದ ಮೌತ್‌ಪೀಸ್‌ಗಳನ್ನು ಪಿಕೊಲೊಗೆ ಒಗ್ಗಿಸಲು ಹೋಗುವವರನ್ನು ನೋಡಿದರೆ ಸುಮ್ನೆ ದುಡ್ಡು ದಂಡ ಅನ್ನಿಸುತ್ತದೆ.

ಎರಡನೆಯದು ಇನ್ನೂ ಕಿರಿಕಿರಿಯದು. ನುಡಿಸುವಾಗ ತುಟಿಯ ಒಂದು ಭಾಗ ಕಪ್ ಒಳಗೆ ಚಾಚಿಕೊಂಡಿರುತ್ತದೆ. ಎಷ್ಟು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ದಪ್ಪ ತುಟಿಯವರಿಗೆ, ತುಟಿ ಸಡಿಲ ಬಿಟ್ಟು ನುಡಿಸುವವರಿಗೆ ಜಾಸ್ತಿ. ಕಪ್ ತೀರಾ ಆಳವಿಲ್ಲದಿದ್ದರೆ ತುಟಿ ಅದರ ತಳಕ್ಕೆ ತಾಗುತ್ತದೆ. ತಾಗಿದ ತಕ್ಷಣ ಕಂಪನ ನಿಲ್ಲುತ್ತದೆ, ಸದ್ದು ಕಟ್ ಆಗುತ್ತದೆ. ಇದರ ಮೋಸ ಏನೆಂದರೆ ಅಂಗಡಿಯಲ್ಲಿ ಐದು ನಿಮಿಷ ಊದಿದಾಗ ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆ ನುಡಿಸಿ ತುಟಿ ಸ್ವಲ್ಪ ಊದಿಕೊಂಡ ಮೇಲೆ ಶುರುವಾಗುತ್ತದೆ. ಹಾಗಾಗಿ ಹೊಸ ಮೌತ್‌ಪೀಸನ್ನು ತಾಜಾ ತುಟಿಯಲ್ಲಿ ಪರೀಕ್ಷಿಸಿದ್ದು ಅರ್ಧ ಪರೀಕ್ಷೆ. ದಣಿದ ಮೇಲೆ ಮತ್ತೆ ಹಾಕಿ ನೋಡಬೇಕು.

ಥ್ರೋಟ್ ವಿಷಯ ಬೇಗ ಮುಗಿಸಬಹುದು. ಬಾಕ್ ಮೌತ್‌ಪೀಸ್‌ಗಳ ಸಾಮಾನ್ಯ ಅಳತೆ 27 ನಂಬರ್ ಡ್ರಿಲ್, ಅಂದರೆ 3.66 ಮಿ.ಮೀ. ಡ್ರಿಲ್ ನಂಬರ್ ಕಡಿಮೆಯಾದಂತೆ ತೂತು ದೊಡ್ಡದಾಗುತ್ತದೆ. ತೂತು ದೊಡ್ಡ ಮಾಡಿಸಿದರೆ ಉಸಿರು ಸರಾಗ ಹೋಗುತ್ತದೆ ಅಂತ ಕೊರೆಸುವವರಿದ್ದಾರೆ. ಕೊರೆದ ತೂತನ್ನು ಮತ್ತೆ ಚಿಕ್ಕದು ಮಾಡಲಾಗುವುದಿಲ್ಲ. ಪಿಕೊಲೊಗೆ ಬೇಕಾಗುವ ಉಸಿರೂ ಕಡಿಮೆ. ಅಲ್ಲಿ ಒಂದಿಷ್ಟು ತಡೆ ಇರುವುದೇ ಅನುಕೂಲ. ಬ್ಯಾಕ್‌ಬೋರ್ ಕೂಡ ಸ್ವಲ್ಪ ಬಿಗಿ ಇರುವುದನ್ನೇ ಹುಡುಕಿ. ದೊಡ್ಡ ಟ್ರಂಪೆಟ್‌ಗೆ ಊದಿದಷ್ಟೇ ಗಾಳಿಯನ್ನು ಪಿಕೊಲೊಗೆ ತುರುಕುವುದು ಹೊಸಬರು ಮಾಡುವ ದೊಡ್ಡ ತಪ್ಪು. ತುಂಬಾ ಸಡಿಲ ಇರುವ ಬ್ಯಾಕ್‌ಬೋರ್ ಆ ತಪ್ಪಿಗೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ.

ಶ್ಯಾಂಕ್: ಕೊಳ್ಳುವ ಮೊದಲೇ ನೋಡಬೇಕಾದದ್ದು

ಕೊನೆಗೆ ಬರೆಯುತ್ತಿದ್ದೇನೆ, ಆದರೆ ನೋಡಬೇಕಾದದ್ದು ಮೊದಲು. ಕೆಲವು ಪಿಕೊಲೊಗಳು ಟ್ರಂಪೆಟ್ ಶ್ಯಾಂಕ್ ತಗೊಳ್ಳುತ್ತವೆ. ಕೆಲವು ಕಾರ್ನೆಟ್ (ಟ್ರಂಪೆಟ್‌ನ ಹತ್ತಿರದ ನೆಂಟ ವಾದ್ಯ) ಶ್ಯಾಂಕ್ ತಗೊಳ್ಳುತ್ತವೆ. ಕಾರ್ನೆಟ್ ಶ್ಯಾಂಕ್ ಇನ್ನೂ ಸಣ್ಣ. ಅದನ್ನು ಟ್ರಂಪೆಟ್ ತೂತಿಗೆ ಹಾಕಿದರೆ ಸಡಿಲವಾಗಿ ಒಳಕ್ಕೆ ಜಾರುತ್ತದೆ. ಟ್ರಂಪೆಟ್ ಶ್ಯಾಂಕ್ ಕಾರ್ನೆಟ್ ತೂತಿಗೆ ಇಳಿಯುವುದೇ ಇಲ್ಲ, ತುದಿಯಲ್ಲೇ ನಿಲ್ಲುತ್ತದೆ. ಮೌತ್‌ಪೀಸ್ ಹಾಕಿ ಬೆರಳಲ್ಲಿ ಅಲ್ಲಾಡಿಸಿ ನೋಡಿ. ಒಂದಿಷ್ಟೂ ಅಲುಗಬಾರದು.

ಅಲುಗದಿದ್ದರೂ ಇನ್ನೊಂದು ವಿಷಯ ಇದೆ. ಸಾಮಾನ್ಯವಾಗಿ ಮೌತ್‌ಪೀಸ್ ಸುಮಾರು 25 ಮಿ.ಮೀ. ಒಳಗೆ ಹೋಗುತ್ತದೆ. ಅದರ ತುದಿಗೂ ಲೀಡ್‌ಪೈಪ್, ಅಂದರೆ ಮೌತ್‌ಪೀಸ್ ಆದ ಮೇಲಿನ ಮೊದಲ ಕೊಳವೆ, ಒಳಗೆ ಶುರುವಾಗುವ ಜಾಗಕ್ಕೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಆ ಸಂದು ಹೆಚ್ಚುಕಡಿಮೆಯಾದರೆ ಸ್ವರ ಹಿಡಿತಕ್ಕೆ ಸಿಗುವುದು, ಜಾರುವುದು ಎಲ್ಲ ಬದಲಾಗುತ್ತದೆ. ಗಿಡ್ಡ ಟ್ರಂಪೆಟ್‌ನಲ್ಲಿ ಇದರ ಪರಿಣಾಮ ಇನ್ನೂ ಜಾಸ್ತಿ.

ಇದನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಶ್ಯಾಂಕ್‌ನ ಇಳಿಜಾರು ಸುಮಾರು 20ಕ್ಕೆ 1. ಮಾಮೂಲಿ ಬರೆಯುವ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಅದರ ಒಂದು ಪಟ್ಟಿಯನ್ನು ಶ್ಯಾಂಕ್ ಸುತ್ತ ಒಂದೇ ಸುತ್ತು ಸುತ್ತಿದರೆ ಎರಡೂ ಬದಿ ಸೇರಿ ವ್ಯಾಸ 0.2 ಹೆಚ್ಚುತ್ತದೆ. ಅಂದರೆ ಮೌತ್‌ಪೀಸ್ 4 ಮಿ.ಮೀ. ಹೊರಗೆ ಬರುತ್ತದೆ. ಇದು ಜಾಸ್ತಿಯೇ ಆಯಿತು. ತುಂಬಾ ತೆಳುವಾದ ಟಿಶ್ಯೂ ಕಾಗದ ಬಳಸಿ, 1 ಮಿ.ಮೀ. ಆಸುಪಾಸು ಸರಿಸಬಹುದು. ಸರಿಸುವ ಮೊದಲೂ ಆಮೇಲೂ ಅವೇ ಸ್ವರಗಳನ್ನು ನುಡಿಸಿ ನೋಡಿ (ಯಾವ ನಾಲ್ಕು ಸ್ವರ ಅಂತ ಮುಂದೆ ಹೇಳುತ್ತೇನೆ). ಹಾಗೆ ಮಾಡಿದ ಮೇಲೆ ಸ್ವರಗಳು ಗಟ್ಟಿಯಾಗಿ ನಿಂತರೆ ಬೇರೆ ಕಪ್ ಹುಡುಕುವ ಅಗತ್ಯವೇ ಬೀಳದಿರಬಹುದು. ಮೌತ್‌ಪೀಸ್ ಸರಿಯಿಲ್ಲ ಅಂತ ಬದಿಗಿಡುವ ಮೊದಲು ಇಷ್ಟಾದರೂ ಮಾಡಿ.

ಯಾವ ಟ್ರಂಪೆಟ್‌ಗೆ ಏನು

ಸಿ ಟ್ರಂಪೆಟ್‌ಗೆ ಹೆಚ್ಚೇನೂ ತಲೆ ಕೆಡಿಸಿಕೊಳ್ಳಬೇಡಿ. ಬಿ ಫ್ಲ್ಯಾಟ್‌ನ ಮೌತ್‌ಪೀಸೇ ಸಾಕು. ಅದರಲ್ಲಿ ಮೇಲಿನ ಇ ಮತ್ತು ಇ ಫ್ಲ್ಯಾಟ್ ತಗ್ಗುವುದು ಹಳೇ ಕಥೆ. ಅದಕ್ಕೆ ಬೇರೆ ಬೆರಳುಗಾರಿಕೆ ಕಲಿಯುವುದು ಮೌತ್‌ಪೀಸ್ ಬದಲಾಯಿಸುವುದಕ್ಕಿಂತ ಸುಲಭ.

ಡಿ ಮತ್ತು ಇ ಫ್ಲ್ಯಾಟ್ ಮಧ್ಯದವು. ಹೈಡನ್‌ನ 1796ರ ಕಾನ್ಸರ್ಟೊ, ಹುಮ್ಮೆಲ್‌ನ 1803ರ ಕಾನ್ಸರ್ಟೊ ನುಡಿಸುವವರು ಇ ಫ್ಲ್ಯಾಟ್ ಹಿಡಿಯುವುದು ಜಾಸ್ತಿ. ಅಲ್ಲಿ ಅದೇ ರಿಮ್, ಕಪ್ ಒಂದು ಹೆಜ್ಜೆ ಕಡಿಮೆ ಆಳ. ಬಾಕ್ ಲೆಕ್ಕದಲ್ಲಿ ಸಿ ಕಪ್ ಬಳಸುವವರು ಡಿ ಕಪ್ ನೋಡಬಹುದು. ಹಳೇದರಲ್ಲೇ ಶ್ರುತಿ ಸರಿ ಬಂದರೆ ಅದನ್ನೇ ಇಟ್ಟುಕೊಳ್ಳಿ. ಆ ಕೃತಿಗಳಿಗೆ ತುಂಬು ನಾದವೇ ಚೆಂದ.

ಪಿಕೊಲೊಗೆ ಮಾತ್ರ ಬೇರೆ ಮೌತ್‌ಪೀಸ್ ಬೇಕೇ ಬೇಕು ಅನ್ನುವ ಪಕ್ಷ ನನ್ನದು. ಆಳ ಇನ್ನೂ ಒಂದು ಹೆಜ್ಜೆ ಕಡಿಮೆ, ಬಾಕ್ ಲೆಕ್ಕದಲ್ಲಿ ಡಿ ಅಥವಾ ಇ ಕಪ್, ಬ್ಯಾಕ್‌ಬೋರ್ ಬಿಗಿ. ಪಿಕೊಲೊಗೆ ಸಾಮಾನ್ಯವಾಗಿ ಎರಡು ಲೀಡ್‌ಪೈಪ್ ಬರುತ್ತವೆ, ಬಿ ಫ್ಲ್ಯಾಟ್‌ಗೊಂದು, ಎ ಶ್ರುತಿಗೊಂದು. ಎರಡರಲ್ಲೂ ಪರೀಕ್ಷಿಸಿ. ಒಂದರಲ್ಲಿ ಸರಿ ಕೂತದ್ದು ಇನ್ನೊಂದರಲ್ಲೂ ಅಷ್ಟೇ ಆಳಕ್ಕೆ ಕೂರುತ್ತದೆ ಅನ್ನೋ ಖಾತ್ರಿ ಇಲ್ಲ.

ಪರೀಕ್ಷೆ ಮಾಡುವಾಗ ಅತಿ ಮೇಲಿನ ಸ್ವರದಿಂದ ಶುರು ಮಾಡಬೇಡಿ. ಅದು ಹುಮ್ಮಸ್ಸಿನಲ್ಲಿ ಬಂದುಬಿಡುತ್ತದೆ, ಏನನ್ನೂ ಹೇಳುವುದಿಲ್ಲ. ಕೆಳಗಿನ ಸಿ, ಅದರ ಮೇಲಿನ ಜಿ, ಮಧ್ಯದ ಸಿ, ಮೇಲಿನ ಜಿ. ಈ ನಾಲ್ಕನ್ನು ಮೆಲ್ಲಗೆ, ಉದ್ದಕ್ಕೆ ಹಿಡಿಯಿರಿ. ಶ್ರುತಿ ಅಳೆಯುವ ಟ್ಯೂನರ್ ನಿಮ್ಮ ಕಣ್ಣಿಗೆ ಕಾಣಬಾರದು. ಜೊತೆಗಾರರ ಕೈಗೆ ಕೊಟ್ಟು ಬರೆದುಕೊಳ್ಳಲು ಹೇಳಿ. ನೀವೇ ನೋಡಿಕೊಂಡು ನುಡಿಸಿದರೆ ಗೊತ್ತಿಲ್ಲದೇ ತುಟಿಯಿಂದ ಸರಿಮಾಡಿಬಿಡುತ್ತೀರಿ. ಎರಡು ಜಿ ನಡುವಿನ ಸ್ಥಾಯಿ ಎಷ್ಟು ಶುದ್ಧವಾಗಿ ಬರುತ್ತದೆ ಅನ್ನೋದೇ ಆಯ್ಕೆಯ ಅಳತೆಗೋಲು. ಆಮೇಲೆ ಅತಿ ಮೆಲ್ಲಗೆ ಶುರುವಾಗುವ ಒಂದು ಸಾಲು ನುಡಿಸಿ. ಸ್ವರ ತಡವರಿಸದೆ ಹುಟ್ಟಬೇಕು. ಬದಲಾಯಿಸುವುದಾದರೆ ಒಂದು ಸಲಕ್ಕೆ ಒಂದೇ. ರಿಮ್, ಕಪ್, ಬ್ಯಾಕ್‌ಬೋರ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ.

ಪರೀಕ್ಷೆಯಲ್ಲಿ ಶಾಖವನ್ನೂ ಲೆಕ್ಕಕ್ಕೆ ತಗೊಳ್ಳಿ. ಒಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್. ತಣ್ಣಗಿನ ಪಿಕೊಲೊ ಎತ್ತಿಕೊಂಡು ನುಡಿಸಿದ ಮೊದಲ ಸ್ವರ ತಗ್ಗಿದ್ದರೆ ಅದನ್ನು ಮೌತ್‌ಪೀಸಿನ ತಲೆಗೆ ಕಟ್ಟಬೇಡಿ. ಸ್ವರ ಬರಿಸದೆ ಬೆಚ್ಚಗಿನ ಉಸಿರನ್ನು ಕೊಳವೆಯೊಳಗೆ ಬಿಡಿ, ಒಂದೆರಡು ನಿಮಿಷ ನುಡಿಸಿ, ಆಮೇಲೆ ಅಳೆಯಿರಿ. ಎರಡು ಮೌತ್‌ಪೀಸ್ ಹೋಲಿಸುವಾಗ ಎರಡನ್ನೂ ಮೊದಲೇ ಜೇಬಿನಲ್ಲಿಟ್ಟು ಬೆಚ್ಚಗೆ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಎರಡನೆಯದಾಗಿ ಹಾಕಿದ್ದು, ಬೆಚ್ಚಗಾದ ಟ್ರಂಪೆಟ್‌ನ ದೆಸೆಯಿಂದ, ಇರುವುದಕ್ಕಿಂತ ಏರು ಶ್ರುತಿಯದು ಅನ್ನಿಸುತ್ತದೆ.